ಎರಡನೇ ಗೇರಿನಲ್ಲಿ ಬಾಖ್

ಜನವರಿ 6, ಸೋಮವಾರ

ಬರೆಯಬೇಕೆಂದು ಹೇಳಿದ್ದು ಡಾಕ್ಟರರು. ಬಿ.ಪಿ. ನೂರ ಎಪ್ಪತ್ತಕ್ಕೆ ಹೋಗಿತ್ತು. ಸಿಟ್ಟು ಜಾಸ್ತಿಯಾ ಎಂದು ಕೇಳಿದರು. ನನಗೆ ಸಿಟ್ಟು ಬರುವುದೇ ಇಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಪಾತುಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ಹೊರಗಿನವರ ಎದುರು ನನ್ನ ಹೆಂಡತಿ ನಕ್ಕದ್ದು ಇದೇ ಮೊದಲು. ಡಾಕ್ಟರರು ಅವಳ ಮುಖ ನೋಡಿಕೊಂಡೇ ಮಾತ್ರೆ ಬರೆದರು. ದಿನವೂ ಯಾವಾಗ ಸಿಟ್ಟು ಬಂತು, ಯಾರ ಮೇಲೆ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ಯಾರಿಗೂ ತೋರಿಸುವುದು ಬೇಡ ಎಂದರು.

ಸರಿ. ಹೆಸರು ಇಬ್ರಾಹಿಂ ಖಲೀಲ್, ವಯಸ್ಸು ಐವತ್ತೊಂದು, ಗುರುವಾಯನಕೆರೆಯಲ್ಲಿ ಡ್ರೈವಿಂಗ್ ಸ್ಕೂಲ್. ಇದನ್ನು ನನಗೆ ನಾನೇ ಯಾಕೆ ಬರೆದುಕೊಂಡೆನೋ. ಅರ್ಜಿ ತುಂಬಿಸಿ ತುಂಬಿಸಿ ಅಭ್ಯಾಸ.

ಇವತ್ತಿನ ಸಿಟ್ಟು: ತ್ರಿಶಾಳ ಮೇಲೆ ಎರಡು ಸಲ. ಕಾಲೇಜು ಹುಡುಗಿ. ಕ್ಲಚ್ ಬಿಡುವುದೆಂದರೆ ಅವಳಿಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ, ಒಮ್ಮೆಲೇ. ಬೈದೆ. ಅತ್ತಳು. ಅತ್ತದ್ದಕ್ಕೆ ಪುನಃ ಬೈದೆ.

ಮೂರನೇ ಸಿಟ್ಟು ಕಾರಿನ ಮೇಲೆ. ನನ್ನ ಹಳೆಯ ಗಾಡಿ ಮುಗಿಯಿತೆಂದು ಮೂಡುಬಿದಿರೆಯ ದಮಯಂತಿ ಅಮ್ಮನವರಿಂದ ಇದನ್ನು ತಂದೆ. ಅವರ ಯಜಮಾನರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು, ತೀರಿಹೋಗಿ ಒಂದು ವರ್ಷವಾಯಿತು. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದರಂತೆ. ಕಲಿಸುವವನ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಮಾಡಿಸಿ ನಿನ್ನೆಯಷ್ಟೇ ಬಂತು. ಬಂದಂದಿನಿಂದ ಎದುರಿನಿಂದ ಏನೋ ನರಳುವ ಶಬ್ದ. ನನ್ನ ಲೆಕ್ಕದಲ್ಲಿ ವೀಲಿನ ಬೇರಿಂಗ್ ಹೋಗಿದೆ.

ಜನವರಿ 7

ಮಡಂತ್ಯಾರಿನ ಚಿನ್ನಯ್ಯನ ಗ್ಯಾರೇಜಿಗೆ ಹೋದೆ. ಇಪ್ಪತ್ತು ವರ್ಷದಿಂದ ನನ್ನ ಗಾಡಿಗಳಿಗೆ ಅವನೇ. ಬಾನೆಟ್ಟಿಗೆ ಕಿವಿ ಇಟ್ಟ. ಚಕ್ರಕ್ಕೆ ಕಿವಿ ಇಟ್ಟ. ಒಳಗೆ ಕೂತು ಕಣ್ಣು ಮುಚ್ಚಿದ. ಆಮೇಲೆ ಹೊರಗೆ ಬಂದು ಮೆಲ್ಲಗೆ ಹೇಳಿದ, "ಖಲೀಲಾಕ, ಇದು ಬೇರಿಂಗ್ ಅಲ್ಲ. ಯಾರೋ ಬಾರಿಸ್ತಾ ಇದ್ದಾರೆ."

ಟೇಪಿನ ಒಳಗೆ ಒಂದು ಸಿ.ಡಿ. ಸಿಕ್ಕಿಹಾಕಿಕೊಂಡಿದೆ. ಹೊರಗೆ ಬರುವುದಿಲ್ಲ. ಕೀ ತಿರುಗಿಸಿದರೆ ತಾನಾಗಿ ಶುರುವಾಗುತ್ತದೆ. ಶಬ್ದ ಕಮ್ಮಿ ಮಾಡಿ ನೋಡುವ ಎಂದು ಚಿನ್ನಯ್ಯ ತಿರುಪನ್ನು ಹಿಡಿದ, ಅದು ಕೈಗೇ ಬಂತು. ಅದರೊಟ್ಟಿಗೆ ಶಬ್ದ ಜಾಸ್ತಿಯೂ ಆಯಿತು. ಫ್ಯೂಸ್ ತೆಗೆ ಎಂದೆ. ತೆಗೆದರೆ ಹಾರ್ನ್ ಮತ್ತು ಇಂಡಿಕೇಟರ್ ಎರಡೂ ಹೋಗುತ್ತದೆ, ಯಾರೋ ಬುದ್ಧಿವಂತ ಎಲ್ಲವನ್ನೂ ಒಂದಕ್ಕೇ ಕಟ್ಟಿದ್ದಾನೆ. ಸರಿ ಮಾಡಬೇಕಿದ್ದರೆ ಎದುರಿನ ಪ್ಯಾನೆಲ್ ಪೂರ್ತಿ ಬಿಚ್ಚಬೇಕು, ಗಾಡಿ ಒಂದು ದಿನ ಅವನಲ್ಲಿ ಇರಬೇಕು. ಇರುವುದು ಒಂದೇ ಗಾಡಿ, ಎಂಟು ಜನ ಕಲಿಯುವವರು. ಮುಂದಿನ ವಾರ ತರುತ್ತೇನೆ, ಇನ್ನೊಂದು ದಿನ ಜಾಸ್ತಿ ಇದನ್ನು ಕೇಳಲಿಕ್ಕೆ ನನ್ನಿಂದ ಸಾಧ್ಯವಿಲ್ಲ ಎಂದು ಹೇಳಿ ಬಂದೆ.

ಜನವರಿ 9

ಯಾರಾದರೂ ಬಾರಿಸುವುದಿದ್ದರೆ ನಾಲ್ಕು ಜನ ಸೇರಿ ಬಾರಿಸಬೇಕು. ಇದು ಒಬ್ಬನೇ, ಒಂದೇ ದೊಡ್ಡ ಪಿಟೀಲು. ಜೊತೆಗೆ ಹಾಡು ಇಲ್ಲ, ತಬಲ ಇಲ್ಲ. ಮರದ ಮಿಲ್ಲಿನಲ್ಲಿ ಹಲಸಿನ ದಿಮ್ಮಿ ಕೊಯ್ದ ಹಾಗೆ.

ಇನ್ನೊಂದು ತೊಂದರೆ ಇವತ್ತು ಗೊತ್ತಾಯಿತು. ಎಂಜಿನ್ ಆಫಾಗಿ ಪುನಃ ಸ್ಟಾರ್ಟ್ ಮಾಡಿದರೆ ಸಿ.ಡಿ. ಮೊದಲಿನಿಂದ ಶುರುವಾಗುತ್ತದೆ. ನನ್ನ ಗಾಡಿಯಲ್ಲಿ ಎಂಜಿನ್ ಆಫಾಗದೆ ಇರುವುದುಂಟಾ? ಬೆಳಿಗ್ಗೆಯಿಂದ ಸಂಜೆಯೊಳಗೆ ಒಂದೇ ತುಂಡಿನ ಮೊದಲ ಅರ್ಧ ನಿಮಿಷವನ್ನು ನಲವತ್ತಮೂರು ಸಲ ಕೇಳಿದೆ. ನಲವತ್ತಮೂರೂ ಸಲ ಬೈದಿದ್ದೇನೆ. ಸಂಜೆ ಸ್ವರ ಬಿದ್ದುಹೋಗಿ ಪಾತುಮ್ಮನ ಹತ್ತಿರ ಕೈಸನ್ನೆಯಲ್ಲಿ ಚಹಾ ಕೇಳಿದೆ. ಇದು ಹೀಗೇ ಇರಲಿ ಎಂದಳು.

ಜನವರಿ 13

ಇವತ್ತು ಸಿಟ್ಟು ಬಂತು, ಹೊರಗೆ ಬರಲಿಲ್ಲ. ಅದು ಹೆಚ್ಚು ಅಪಾಯ ಎಂದು ಕಾಣುತ್ತದೆ.

ಹೊಸದಾಗಿ ಕಲಿಯಲಿಕ್ಕೆ ಬಂದದ್ದು ಅನಂತಮತಿ ಟೀಚರ್. ವೇಣೂರಿನವರು. ಒಂಬತ್ತನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದವರು, ಕಲಿಸಿದರು ಎನ್ನುವುದಕ್ಕಿಂತ ಬೆಂಚಿನ ಮೇಲೆ ನಿಲ್ಲಿಸಿದವರು. ಈಗ ಅರವತ್ತಾರು. ಗಂಡ ಭುಜಬಲಿಯವರಿಗೆ ಒಂದು ಕಣ್ಣು ಕಾಣುವುದಿಲ್ಲ, ಇನ್ನು ಕಾರು ಬಿಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕಾರು ಅಂಗಳದಲ್ಲಿ ನಿಂತಿದೆ. ಟೀಚರು ಬೇರೆ ಕಡೆ ಕಲಿತು ಎರಡು ಸಲ ಟೆಸ್ಟ್ ಕೊಟ್ಟು ಎರಡೂ ಸಲ ಫೇಲ್. ಎಲ್ಲಿ ಹೋಯಿತೆಂದು ಕೇಳಿದೆ. ಏರಿನಲ್ಲಿ ನಿಲ್ಲಿಸಿ ಪುನಃ ಹೊರಡುವಾಗ ಎಂಜಿನ್ ಆಫಾಯಿತಂತೆ, ಎರಡೂ ಸಲ. ಮೂರನೆಯದೂ ಹೋದರೆ ಎರಡು ತಿಂಗಳು ಕಾಯಬೇಕು. ಅಷ್ಟು ಕಾಯುವುದಿಲ್ಲ, ಕಾರನ್ನೇ ಮಾರುವುದು ಎಂದು ಭುಜಬಲಿಯವರು ಹೇಳಿಯಾಗಿದೆ.

ಟೀಚರು ಸ್ಕೂಲಿನ ಗೇಟಿನಿಂದ ಮೀನಿನ ಮಾರ್ಕೆಟ್ಟಿನವರೆಗೆ ಹೋಗುವಾಗ ಹನ್ನೊಂದು ಸಲ ಆಫ್ ಮಾಡಿದರು. ನಾನು ಹನ್ನೊಂದು ಸಲವೂ ಬಾಯಿ ತೆರೆದೆ. ಅವರು ಹನ್ನೊಂದು ಸಲವೂ ಕನ್ನಡಕದ ಮೇಲಿನಿಂದ ನೋಡಿದರು. "ಏನು ಖಲೀಲ್, ಏನೋ ಹೇಳಲಿಕ್ಕುಂಟಾ?" "ಇಲ್ಲ ಟೀಚರ್."

ಜನವರಿ 17

ಜುಮಾ ನಮಾಜು ಮುಗಿಸಿ ಬರುವಾಗ ಟೀಚರು ಗಾಡಿಯ ಹತ್ತಿರ ಕಾಯುತ್ತಿದ್ದರು. ಕೈಯಲ್ಲಿ ಪೆನ್ನು, ಕಾಗದ. ಈ ಸಂಗೀತ ಗಣಿತ ಎಂದು ಕಂಡುಹಿಡಿದಿದ್ದಾರೆ. ಎಂಟು ಸ್ವರ ಬರುತ್ತದೆ, ಅದೇ ಎಂಟು ಇನ್ನೊಮ್ಮೆ ಬರುತ್ತದೆ. ಆಮೇಲೆ ಒಂದೆರಡು ಸ್ವರ ಮಾತ್ರ ಬದಲಾಗಿ ಮತ್ತೆ ಎಂಟು, ಮತ್ತೆ ಅದೇ ಎಂಟು. "ಏನೂ ಅವಸರ ಇಲ್ಲ ನೋಡು ಇವನಿಗೆ. ಹೇಳಿದ್ದನ್ನು ಇನ್ನೊಮ್ಮೆ ಹೇಳ್ತಾನೆ. ಒಳ್ಳೆ ಮಾಸ್ಟ್ರು."

ನನಗೆ ಎಂಟೂ ಕೇಳಲಿಲ್ಲ, ಒಂಬತ್ತೂ ಕೇಳಲಿಲ್ಲ. ಹೌದು ಟೀಚರ್ ಎಂದೆ. ಒಂಬತ್ತನೇ ಕ್ಲಾಸಿನಲ್ಲಿಯೂ ಹಾಗೆಯೇ ಹೇಳುತ್ತಿದ್ದೆ.

ಜನವರಿ 18

ಹಲ್ಲುಜ್ಜುವಾಗ ಎಣಿಸಿದೆ. ಎಂಟೇ ಇದೆ.

ಜನವರಿ 21

ತ್ರಿಶಾ ಮೊಬೈಲನ್ನು ಸ್ಪೀಕರಿಗೆ ಹಿಡಿದಳು, ಬಾರಿಸುವುದು ಯಾರದೆಂದು ಮೊಬೈಲೇ ಹೇಳಿತು. ಬಾಖ್ ಎಂಬ ಜರ್ಮನಿಯವರು ಮಾಡಿದ್ದಂತೆ, ಮುನ್ನೂರು ವರ್ಷ ಹಿಂದೆ. ದೊಡ್ಡ ಪಿಟೀಲಿನ ಹೆಸರು ಚೆಲ್ಲೋ. ಗಾಡಿ ಬದಿಗೆ ನಿಲ್ಲಿಸಿ ಅವಳು ಇನ್ನಷ್ಟು ಓದಿದಳು. ಆ ಮನುಷ್ಯರಿಗೆ ಇಪ್ಪತ್ತು ಮಕ್ಕಳು. ಒಮ್ಮೆ ಒಂದು ತಿಂಗಳು ಜೈಲಿನಲ್ಲಿದ್ದರು. ಇಪ್ಪತ್ತು ವರ್ಷದ ಪ್ರಾಯದಲ್ಲಿ ಇನ್ನೊಬ್ಬರು ಬಾರಿಸುವುದನ್ನು ಕೇಳಲಿಕ್ಕೆಂದು ನಾನೂರು ಕಿಲೋಮೀಟರು ನಡೆದುಕೊಂಡು ಹೋಗಿದ್ದರು.

ನಾನೂರು ಕಿಲೋಮೀಟರೆಂದರೆ ಇಲ್ಲಿಂದ ಬೆಂಗಳೂರು ದಾಟಬೇಕು. ನನ್ನ ಶಿಷ್ಯರು ಮಡಂತ್ಯಾರಿನಿಂದ ಇಲ್ಲಿಗೆ ಬರಲಿಕ್ಕೆ ಬಸ್ಸಿಲ್ಲ ಎಂದು ಕ್ಲಾಸು ತಪ್ಪಿಸುತ್ತಾರೆ.

ತ್ರಿಶಾ ಅವರನ್ನು ಬಾಖಾಕ ಎಂದು ಕರೆಯಲಿಕ್ಕೆ ಶುರುಮಾಡಿದ್ದಾಳೆ, ನನ್ನನ್ನು ಕಾಕ ಸೇರಿಸಿ ಖಲೀಲಾಕ ಎಂದು ಕರೆಯುವ ಹಾಗೆ. ಹಿರಿಯರನ್ನು ತಮಾಷೆ ಮಾಡಬಾರದು ಎಂದೆ. ಇಪ್ಪತ್ತು ಮಕ್ಕಳ ನಡುವೆ ಕೂತು ಬರೆದವರು.

ಜನವರಿ 23

ಇವತ್ತು ಎರಡನೇ ತುಂಡಿಗೆ ಮುಟ್ಟಿದೆವು. ಟೀಚರು ಬಿಡುತ್ತಿದ್ದರು. ಮೊದಲನೆಯದು ಮುಗಿಯಿತು. ಮುಗಿಯುವುದೂ ಉಂಟು ಎಂದು ನನಗೆ ಗೊತ್ತೇ ಇರಲಿಲ್ಲ. ಕೊನೆಯಲ್ಲಿ ಅದು ಮೇಲೆ, ಮೇಲೆ, ಇನ್ನೂ ಮೇಲೆ ಹೋಗಿ ನಿಲ್ಲುತ್ತದೆ. ಒಂದು ಕ್ಷಣ ಸುಮ್ಮನೆ. ಆಮೇಲೆ ಬೇರೆಯದು ಶುರು. ಅಷ್ಟರಲ್ಲಿ ಎದುರಿನಿಂದ ಟಿಪ್ಪರ್ ಬಂತು, ಟೀಚರು ಹೆದರಿ ಆಫ್ ಮಾಡಿದರು. ಟಿಪ್ಪರಿನವನಿಗೆ ಬೈದೆ. ಅವನದು ಏನೂ ತಪ್ಪಿರಲಿಲ್ಲ.

ಜನವರಿ 27

ಚಿನ್ನಯ್ಯ ಫೋನ್ ಮಾಡಿದ. ನಾಳೆ ಪುರುಸೊತ್ತು ಉಂಟು, ಗಾಡಿ ತನ್ನಿ ಎಂದ. ನಾಳೆ ಟೀಚರಿನ ಕ್ಲಾಸು, ಆಗುವುದಿಲ್ಲ ಎಂದೆ. ನಾಡಿದ್ದು ಎಂದ. ನಾಡಿದ್ದೂ ಆಗುವುದಿಲ್ಲ ಎಂದೆ. ಕೆಲಸಕ್ಕೆ ನಾವು ಕೇಳಿದಾಗ ಬಾರದೆ ತನಗೆ ಬೇಕಾದಾಗ ಕರೆಯುವುದೆಂದರೆ ಏನರ್ಥ. ಸಿಟ್ಟು ಬಂತು. ಬರೆದಿದ್ದೇನೆ.

ಜನವರಿ 30

ಒಂದು ವಿಷಯ ಕಂಡುಹಿಡಿದೆ. ಕಲಿಸುವವರೆಲ್ಲ ತಿಳಿದಿರಬೇಕಾದ್ದು. ಬೊಬ್ಬೆ ಹೊಡೆದರೆ ಕಲಿಯುವವರು ಹೆದರುತ್ತಾರೆ. ಹೆದರಿದರೆ ಕ್ಲಚ್ ಬಿಡುತ್ತಾರೆ. ಕ್ಲಚ್ ಬಿಟ್ಟರೆ ಎಂಜಿನ್ ಆಫ್, ಮತ್ತೆ ಮೊದಲನೇ ತುಂಡು. ಹಾಗಾಗಿ ನಾಲ್ಕನೆಯದು ಕೇಳಬೇಕಿದ್ದರೆ ಬಾಯಿ ಮುಚ್ಚಿ ಕೂರಬೇಕು.

ಇವತ್ತು ತ್ರಿಶಾ ವೇಣೂರಿನ ದಾರಿಯಲ್ಲಿ ಬಿಡುತ್ತಿದ್ದಳು. ಮೂರನೆಯದು ಮುಗಿಯುತ್ತಾ ಬರುವಾಗ ಒಂದು ಕೋಳಿ ಅಡ್ಡ ಬಂತು. ಬಾಯಿಯ ತುದಿಗೆ ಬಂದದ್ದನ್ನು ನುಂಗಿ, "ಕೋಳಿ ಉಂಟು ಮಗಳೇ, ಎರಡನೇ ಗೇರಿಗೆ ಬಾ" ಎಂದು ಮೆಲ್ಲಗೆ ಹೇಳಿದೆ. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ನಿಮಗೆ ಹುಷಾರಿಲ್ವಾ ಎಂದು ಕೇಳಿದಳು. ಕೋಳಿ ದಾಟಿತು. ಎಂಜಿನ್ ಆಫಾಗಲಿಲ್ಲ.

ನಾಲ್ಕನೆಯದು ಕೇಳಿದೆ. ತುಂಬ ನಿಧಾನ. ಪ್ರಾಯದ ಒಬ್ಬರು ಬಸ್ಸಿನಿಂದ ಇಳಿಯುವ ಹಾಗೆ, ಒಂದು ಕಾಲು ಕೆಳಗಿಟ್ಟು, ನಿಂತು, ಕಂಬಿ ಹಿಡಿದು, ಇನ್ನೊಂದು ಕಾಲು. ಕಂಡಕ್ಟರು ಕೂಡ ಸೀಟಿ ಊದದೆ ಕಾದ ಹಾಗೆ. ಇಷ್ಟವಾಯಿತು ಎಂದು ಹೇಳುತ್ತಾ ಇಲ್ಲ. ಹೇಗುಂಟು ಎಂದು ಬರೆದೆ, ಅಷ್ಟೆ.

ಫೆಬ್ರವರಿ 3

ಬಿ.ಪಿ. ನೂರ ನಲವತ್ತು. ಏನು ಬದಲಾವಣೆ ಮಾಡಿದಿರಿ ಎಂದು ಡಾಕ್ಟರರು ಕೇಳಿದರು. ಒಣಮೀನು ಬಿಟ್ಟಿದ್ದೇನೆ ಎಂದೆ. ಪಾತುಮ್ಮ ಬೇರೆ ಕಂಪ್ಲೇಂಟ್ ಹೇಳಿದಳು. ನಾನು ಬಚ್ಚಲಿನಲ್ಲಿ ಒಂದು ಗಂಟೆ "ಡುಂಡುರು ಡುಂಡುರು" ಎಂದು ಏನೋ ಮಾಡುತ್ತಿರುತ್ತೇನಂತೆ, ಪಕ್ಕದ ಮನೆಯವರು ಮೋಟಾರು ಹಾಳಾಗಿದೆಯಾ ಎಂದು ಕೇಳಿದರಂತೆ. ಸುಳ್ಳು. ಒಂದು ಗಂಟೆ ಅಲ್ಲ.

ಫೆಬ್ರವರಿ 6

ಚಿನ್ನಯ್ಯ ಪುನಃ ಫೋನ್ ಮಾಡಿದ. ಎತ್ತಲಿಲ್ಲ.

ಫೆಬ್ರವರಿ 8

ಪಾತುಮ್ಮನೊಟ್ಟಿಗೆ ಜಗಳ. ನೆಂಟರು ಬರುತ್ತಾರೆ, ಬೇಗ ಬಂಗುಡೆ ತನ್ನಿ ಎಂದು ಕಳಿಸಿದ್ದಳು. ಮಡಂತ್ಯಾರಿನಲ್ಲಿ ಒಳ್ಳೆಯದು ಸಿಕ್ಕಿತು, ಮೀನು ತೆಗೆದುಕೊಳ್ಳುವಾಗಲೂ ಎಂಜಿನ್ ಆಫ್ ಮಾಡಲಿಲ್ಲ. ಮನೆಗೆ ಮುಟ್ಟುವಾಗ ಹದಿನಾಲ್ಕನೆಯದು ನಡೆಯುತ್ತಿತ್ತು. ಇಷ್ಟು ದಿನದಲ್ಲಿ ಅಷ್ಟು ದೂರ ಹೋದದ್ದೇ ಇಲ್ಲ. ಒಟ್ಟು ಹದಿನೆಂಟು ತುಂಡು ಉಂಟು ಎಂದು ತ್ರಿಶಾ ಹೇಳಿದ್ದಳು. ಕೀ ತೆಗೆದರೆ ಮೊದಲಿನಿಂದ. ಹಾಗಾಗಿ ಅಂಗಳದಲ್ಲಿಯೇ ಕೂತೆ, ಗಾಜು ಏರಿಸಿ. ಬಿಸಿಲಿಗೆ ಕಣ್ಣು ಮುಚ್ಚಿದ್ದೆ.

ಗಾಜಿಗೆ ಏನೋ ಬಡಿಯಿತು. ಪಾತುಮ್ಮ, ಕೈಯಲ್ಲಿ ಸೌಟು. ಹಿಂದೆ ಅವಳ ತಂಗಿ, ತಂಗಿಯ ಗಂಡ, ಅತ್ತೆ, ಎಲ್ಲರೂ ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದರು. ನಾನು ಒಂದು ಬೆರಳು ಎತ್ತಿ ತೋರಿಸಿದೆ, ಇನ್ನೊಂದು ತುಂಡು ಬಾಕಿ ಎಂದು. ಕೊನೆಗಾಲದಲ್ಲಿ ಕಲಿಮ ಹೇಳುವವರು ಎತ್ತುವ ಬೆರಳು ಎಂದು ಅವರು ಅರ್ಥ ಮಾಡಿಕೊಂಡರು. ಅತ್ತೆ ಕೈಯೆತ್ತಿ ದುಆ ಮಾಡಲಿಕ್ಕೆ ಶುರುಮಾಡಿದರು.

ಬಂಗುಡೆ ಹಾಳಾಗಿರಲಿಲ್ಲ. ಸ್ವಲ್ಪ ವಾಸನೆ ಅಷ್ಟೆ. ಮೊಟ್ಟೆ ಮಾಡಿದರು.

ಫೆಬ್ರವರಿ 11

ಇವತ್ತು ಭುಜಬಲಿಯವರು ಹಿಂದಿನ ಸೀಟಿನಲ್ಲಿ ಕೂತು ಬಂದರು. ಹೆಂಡತಿ ಎಷ್ಟು ಕಲಿತಿದ್ದಾಳೆ ಎಂದು ನೋಡಲಿಕ್ಕಂತೆ. ಗೇಟಿನಲ್ಲಿಯೇ ಶುರು. ಕನ್ನಡಿ ನೋಡು ಅನಂತೀ. ಇಷ್ಟು ಬದಿಗೆ ಯಾಕೆ. ಈಗ ಗೇರು. ಗೇರು ಎಂದೆ. ಟೀಚರು ಒಂದು ಕಿಲೋಮೀಟರಿನಲ್ಲಿ ನಾಲ್ಕು ಸಲ ಆಫ್ ಮಾಡಿದರು. ಎರಡು ವಾರದಿಂದ ಒಮ್ಮೆಯೂ ಮಾಡಿರಲಿಲ್ಲ. ನಾಲ್ಕನೇ ಸಲ ಅವರು ಸ್ಟೇರಿಂಗಿನ ಮೇಲೆ ಕೈ ಇಟ್ಟು ಹಾಗೇ ಕೂತರು. ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿದವರ ಬಗ್ಗಿದ ಕುತ್ತಿಗೆ ಪಕ್ಕದಿಂದ ಸಣ್ಣ ಹುಡುಗಿಯ ಹಾಗೆ ಕಂಡಿತು. ನೋಡಲಿಕ್ಕಾಗಲಿಲ್ಲ.

ಕಾರು ಕೇಳಿಕೊಂಡು ಕಾರ್ಕಳದಿಂದ ಒಬ್ಬರು ಬಂದಿದ್ದಾರೆ, ಹದಿನೆಂಟಕ್ಕೆ ಟೆಸ್ಟ್ ಮುಗಿದ ಕೂಡಲೇ ಕೊಡುವುದು ಎಂದು ಭುಜಬಲಿಯವರು ಹೇಳಿದರು.

ನಾನು ತಿರುಗಿ ಕೂತೆ. ಬೊಬ್ಬೆ ಹೊಡೆಯಲಿಲ್ಲ. "ನೀವು ಒಂದು ಉಪಕಾರ ಮಾಡಬೇಕು. ಏಳನೇ ತುಂಡು ಬರುವವರೆಗೆ ಮಾತಾಡಬೇಡಿ. ಬಂದ ಮೇಲೆ ಎಷ್ಟು ಬೇಕಾದರೂ ಬೈಯಿರಿ, ನನಗೇ ಬೈಯಿರಿ" ಎಂದೆ. ಅವರು ಕಣ್ಣು ಕಿರಿದು ಮಾಡಿ, ಇದು ಯಾವ ಸ್ಟೇಷನ್ ಎಂದು ಕೇಳಿದರು. ಜರ್ಮನಿ ಎಂದೆ.

ಟೀಚರು ಬಾಯಿಯಲ್ಲಿ ಎಂಟು ಎಣಿಸಿ ಕ್ಲಚ್ ಬಿಟ್ಟರು. ಏಳನೆಯದು ಶುರುವಾಗುವಾಗ ವೇಣೂರಿನ ಸೇತುವೆಯ ಮೇಲಿದ್ದೆವು. ಅದು ದುಃಖದ್ದು, ಅಲ್ಲಿಗೆ ಸರಿಯಾಗುತ್ತದೆ, ಕೆಳಗೆ ಹೊಳೆ. ಇನ್ನು ಮಾತಾಡಬಹುದು ಎಂದು ಹೇಳಲಿಕ್ಕೆ ತಿರುಗಿದೆ. ಭುಜಬಲಿಯವರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಟೀಚರು ಕನ್ನಡಿಯಲ್ಲಿ ನೋಡಿದರು. "ಇವರು ಬೇರೆಯವರು ಬಿಡುವ ಗಾಡಿಯಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ ಖಲೀಲ್."

ಫೆಬ್ರವರಿ 16, ಭಾನುವಾರ

ಇನ್ನು ಎರಡು ದಿನ. ಟೆಸ್ಟಿಗೆ ಹೀಗೆ ಬಾರಿಸುವ ಗಾಡಿ ತೆಗೆದುಕೊಂಡು ಹೋದರೆ ಇನ್‌ಸ್ಪೆಕ್ಟರು ಏನು ಹೇಳುತ್ತಾರೋ. ಟೀಚರಿನದ್ದು ಕೊನೆಯ ಸಲ. ನನ್ನ ಸಿ.ಡಿ.ಯಿಂದ ಅದು ಹಾಳಾಗಬಾರದು. ಚಿನ್ನಯ್ಯನಲ್ಲಿ ಗಾಡಿ ಬಿಟ್ಟೆ. ಕೊನೆಗೂ ಬುದ್ಧಿ ಬಂತಲ್ಲ ಎಂದ. ಸಿ.ಡಿ.ಗೆ ಗೀರು ಬಿದ್ದರೆ ನೀನು ಮತ್ತು ನಾನು ಮಾತಾಡಲಿಕ್ಕಿಲ್ಲ ಎಂದೆ. ಬಸ್ಸಿನಲ್ಲಿ ಮನೆಗೆ ಬಂದೆ.

ಫೆಬ್ರವರಿ 17

ಗಾಡಿ ಸಿಕ್ಕಿತು. ಎಲ್ಲ ಸರಿಯಾಗಿದೆ. ಹೊಸ ತಿರುಪು, ಬೇರೆ ಫ್ಯೂಸ್. ಸಿ.ಡಿ.ಯನ್ನು ಒಂದು ಬಿಲ್ಲಿನ ಕಾಗದದಲ್ಲಿ ಸುತ್ತಿ ಕೊಟ್ಟ, ಜೇಬಿನಲ್ಲಿಟ್ಟೆ.

ಗಾಡಿಯೊಳಗೆ ಎಷ್ಟು ಶಬ್ದ ಉಂಟು ಎಂದು ಇವತ್ತು ಗೊತ್ತಾಯಿತು. ಸೀಟು ಕಿರುಗುಟ್ಟುತ್ತದೆ. ನನ್ನ ಉಸಿರು ಕೇಳುತ್ತದೆ. ತ್ರಿಶಾ ಸಾವಿನ ಮನೆಗೆ ಬಂದ ಹಾಗೆ ಕೂತಿದ್ದಳು. ಟೀಚರು ಆರು ಸಲ ಆಫ್ ಮಾಡಿದರು. ನಾಳೆಗೆ ಸಿ.ಡಿ. ಪುನಃ ಹಾಕಿ ಬಿಡುವ ಟೀಚರ್ ಎಂದೆ. ಬೇಡ, ಪರೀಕ್ಷೆಗೆ ಪುಸ್ತಕ ನೋಡಿ ಬರೆಯಬಾರದು ಎಂದರು.

ಫೆಬ್ರವರಿ 18

ಹೇಗೆ ಬರೆಯುವುದೆಂದು ಗೊತ್ತಾಗುತ್ತಾ ಇಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಟೆಸ್ಟಿಗೆ ಬಂಟ್ವಾಳಕ್ಕೆ ಹತ್ತು ಗಂಟೆಗೆ ಮುಟ್ಟಿದೆವು. ತ್ರಿಶಾಳ ಟೆಸ್ಟೂ ಇವತ್ತೇ ಇತ್ತು. ಅವಳು ಮೊದಲು ಹೋದಳು, ಪಾಸಾದಳು, ಅತ್ತಳು. ಈ ಸಲ ನಾನು ಬೈಯಲಿಲ್ಲ. ಆಮೇಲೆ ಅನಂತಮತಿ ಟೀಚರು. ರಿವರ್ಸ್ ಚೆನ್ನಾಗಿ ಹಾಕಿದರು. ಏರಿಗೆ ಹೋದರು, ನಡುವಿನಲ್ಲಿ ನಿಲ್ಲಿಸಿದರು. ಪುನಃ ಹೊರಡುವಾಗ ಗಾಡಿ ಒಮ್ಮೆ ಕುಪ್ಪಳಿಸಿ ಆಫ್. ಇನ್‌ಸ್ಪೆಕ್ಟರು ಒಳ್ಳೆಯವರು, ಇನ್ನೊಂದು ಸಲ ಪ್ರಯತ್ನಿಸಿ ಅಮ್ಮ ಎಂದರು. ಟೀಚರು ಕೀಗೆ ಕೈ ಹಾಕಲಿಲ್ಲ. ಕಿಟಕಿ ತೆರೆದಿತ್ತು. ಮೊನ್ನೆ ನೋಡಿದ ಅದೇ ಕುತ್ತಿಗೆ ನನಗೆ ಕಂಡಿತು. ಮರದ ಕೆಳಗಿನ ಬೆಂಚಿನಲ್ಲಿ ಭುಜಬಲಿಯವರು ಮೊಬೈಲು ಹೊರಗೆ ತೆಗೆದರು.

ಹಗ್ಗದ ಈಚೆ ಬದಿಯಲ್ಲಿ ನಾವು ಕಲಿಸುವವರು ಐದಾರು ಜನ ನಿಂತಿದ್ದೆವು. ಹೇಳಿಕೊಡಬಾರದು, ಕೈಸನ್ನೆ ಮಾಡಬಾರದು, ಅದು ನನಗೆ ಗೊತ್ತು. ಬಾಯಿ ನನ್ನನ್ನು ಕೇಳದೆ ತೆರೆಯಿತು. ಡುಂಡುರು ಡುಂಡುರು ಡುಡು. ಮೊದಲು ಮೆಲ್ಲಗೆ. ಆಮೇಲೆ ಅದು ಅಷ್ಟು ದೂರಕ್ಕೆ ಕೇಳಿಸಬೇಕಲ್ಲ, ಹೊಟ್ಟೆಯಿಂದ ತೆಗೆದೆ. ನನ್ನ ಸ್ವರ ಎಂಥದೆಂದು ನನಗೆ ಗೊತ್ತುಂಟು. ಎಂಟು ಸ್ವರ, ಪುನಃ ಅದೇ ಎಂಟು. ಒಂದೆರಡು ಬದಲು, ಪುನಃ ಎಂಟು. ಪಕ್ಕದಲ್ಲಿದ್ದವನು ಎರಡು ಹೆಜ್ಜೆ ಆಚೆ ಹೋದ. ಇನ್ನೊಬ್ಬ ನೀರಿನ ಬಾಟಲಿ ತಂದ.

ಇನ್‌ಸ್ಪೆಕ್ಟರು ಬರೆಯುವುದನ್ನು ಬಿಟ್ಟು ಓಡಿ ಬಂದರು. "ಏನು ಖಲೀಲ್, ಎದೆ ನೋವಾ?"

ಇಲ್ಲ ಎಂದು ತಲೆ ಆಡಿಸಿದೆ, ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಕಾರಿನೊಳಗೆ ಟೀಚರಿನ ತುಟಿ ಅಲ್ಲಾಡುವುದು ಕಂಡಿತು. ಸ್ಟಾರ್ಟ್ ಆಯಿತು. ಎಂಟಕ್ಕೆ ಸರಿಯಾಗಿ ಕ್ಲಚ್ ಬಂತು. ಗಾಡಿ ಒಂದು ಅಂಗುಲವೂ ಹಿಂದೆ ಜಾರದೆ, ಹಾಲು ತುಂಬಿದ ಪಾತ್ರೆ ಹಿಡಿದುಕೊಂಡು ಹೋದ ಹಾಗೆ ಏರು ಹತ್ತಿತು. ನಾನು ಮೇಲೆ, ಮೇಲೆ, ಇನ್ನೂ ಮೇಲೆ ಹೋಗಿ, ಕೊನೆಯದನ್ನು ಮುಟ್ಟಲಾಗದೆ ಕೆಮ್ಮಿದೆ.

ಏನದು ಎಂದು ಇನ್‌ಸ್ಪೆಕ್ಟರು ಕೇಳಿದರು. ಜರ್ಮನಿಯದೊಂದು ಹಾಡು ಸರ್ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು, ಏರಿನ ಮೇಲೆ ನಿಂತ ಗಾಡಿಯನ್ನು, ಪುನಃ ನನ್ನನ್ನು ನೋಡಿದರು. "ಹೇಳಿಕೊಡಬಾರದು ಎಂದುಂಟು. ಇದಕ್ಕೆ ಏನೂ ಬರೆದಿಲ್ಲ" ಎಂದು ಹೇಳಿ ಪಾಸ್ ಎಂದು ಗುರುತು ಹಾಕಿದರು. ಬಿ.ಪಿ. ಚೆಕ್ ಮಾಡಿಸಿ ಎಂದೂ ಹೇಳಿದರು.

ಭುಜಬಲಿಯವರು ಕಾರ್ಕಳದವರಿಗೆ ಫೋನ್ ಮಾಡಿದರು. ಕಾರು ಕೊಡುವ ಅಂದಾಜಿಲ್ಲ, ಮನೆಯಲ್ಲಿ ಬಿಡುವವರು ಇದ್ದಾರೆ ಎಂದದ್ದು ನನ್ನ ಕಿವಿಗೆ ಬಿತ್ತು. ಟೀಚರಿಗೂ ಬಿತ್ತು. ಕೇಳದವರ ಹಾಗೆ ಕನ್ನಡಕ ಒರೆಸಿದರು. ಆಮೇಲೆ ನನ್ನ ಹತ್ತಿರ ಬಂದು, ನಾಲ್ಕನೇ ಸಾಲಿನಲ್ಲಿ ಒಂದು ಸ್ವರ ತಪ್ಪಿದ್ದಿ ಎಂದರು.

ಫೆಬ್ರವರಿ 19

ಬೆಳಿಗ್ಗೆ ಅಂಗಿ ಒಗೆಯಲಿಕ್ಕೆ ಹಾಕುವಾಗ ಪಾತುಮ್ಮ ಜೇಬಿನಿಂದ ಸಿ.ಡಿ. ತೆಗೆದು ಕೊಟ್ಟಳು. ಇಷ್ಟು ದಿನ ಕೇಳಿದ್ದೆ, ಮುಖ ನೋಡಿರಲಿಲ್ಲ. ಮೇಲೆ ಇಂಗ್ಲಿಷಿನಲ್ಲಿ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ: ಎರಡರಲ್ಲಿ ಒಂದನೆಯದು.

ಚಹಾ ತಣ್ಣಗಾಯಿತು. ಹಾಗಾದರೆ ನಾನು ಕೇಳಿದ್ದು ಅರ್ಧ.

ಕೂಡಲೇ ದಮಯಂತಿ ಅಮ್ಮನವರಿಗೆ ಫೋನ್ ಮಾಡಿದೆ. ಗಾಡಿಯಲ್ಲಿ ಏನಾದರೂ ತೊಂದರೆ ಬಂತಾ ಎಂದು ಅವರು ಹೆದರಿದರು. ತೊಂದರೆ ಇಲ್ಲ, ಇನ್ನೊಂದು ಸಿ.ಡಿ. ಇರಬೇಕಿತ್ತಲ್ಲ ಎಂದೆ. ಯಜಮಾನರ ಕಪಾಟಿನಲ್ಲಿ ಉಂಟು, ಶುಕ್ರವಾರ ಬನ್ನಿ ಎಂದರು.

ಫೆಬ್ರವರಿ 21, ಶುಕ್ರವಾರ

ಜುಮಾ ಮುಗಿಸಿ ಮೂಡುಬಿದಿರೆಗೆ ಹೋದೆ. ದಮಯಂತಿ ಅಮ್ಮ ಸಿ.ಡಿ.ಯನ್ನು ಧೂಳು ಒರೆಸಿ ಜಗಲಿಯಲ್ಲಿ ಇಟ್ಟುಕೊಂಡಿದ್ದರು. ಕೊಡುವಾಗ ಹೇಳಿದರು, ಮನೆಯೊಳಗೆ ಇದನ್ನು ಹಾಕಿದರೆ ತಲೆ ನೋಯುತ್ತದೆಂದು ತಾವು ಬೈಯುತ್ತಿದ್ದರಂತೆ. ಹಾಗೆ ಯಜಮಾನರು ಪೋರ್ಟಿಕೋದಲ್ಲಿ ಕಾರಿನೊಳಗೆ ಕೂತು ಕೇಳುತ್ತಿದ್ದರಂತೆ, ಗಾಜು ಏರಿಸಿ. ಹೊರಗಿನಿಂದ ನೋಡುವಾಗ ಮನುಷ್ಯ ಎಲ್ಲಿಗೋ ಹೋಗುತ್ತಿದ್ದಾನೆ ಎಂದು ಕಾಣುತ್ತಿತ್ತಂತೆ.

ಸರಿಯಾಗಿ ಕೆಲಸ ಮಾಡುತ್ತದಾ ನೋಡುವ ಎಂದು ಅಲ್ಲಿಯೇ ಹಾಕಿದೆ. ಕೇಳುತ್ತೀರಾ ಅಮ್ಮ ಎಂದು ಕೇಳಿದೆ. ಅವರು ಆಚೀಚೆ ನೋಡಿ, ಚಪ್ಪಲಿ ಕಳಚಿಟ್ಟು, ಹಿಂದಿನ ಸೀಟಿನಲ್ಲಿ ಕೂತರು. ಗಾಡಿಗೆ ಹತ್ತುವಾಗ ಚಪ್ಪಲಿ ಯಾಕೆ ಕಳಚಿದರೋ, ನಾನು ಕೇಳಲಿಲ್ಲ.

ಮೊದಲನೇ ತುಂಡು ಶುರುವಾಯಿತು. ಏನೂ ಚೆನ್ನಾಗಿರಲಿಲ್ಲ. ಏಣಿ ಹತ್ತುವುದು, ಇಳಿಯುವುದು, ಅಲ್ಲಿ ಏನನ್ನೋ ಮರೆತು ಪುನಃ ಹತ್ತುವುದು. ನಾಲ್ಕು ನಿಮಿಷ ಅದೇ. ಮುಗಿದಾಗ ದಮಯಂತಿ ಅಮ್ಮ ಹಿಂದಿನಿಂದ ಕೇಳಿದರು, ನಿಮಗೆ ಇದು ಇಷ್ಟವಾ ಎಂದು.

"ಇದು ಇಲ್ಲ."

"ನನಗೂ ಇಲ್ಲ."

"ಆದರೆ ಅಮ್ಮ, ಒಂದೇ ಸಲ ಕೇಳಿ ಹೇಳಲಿಕ್ಕಾಗುವುದಿಲ್ಲ."

ಅವರು ಸೆರಗು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ನಾನು ಗಾಜು ಏರಿಸಿ, ಮೊದಲಿನಿಂದ ಹಾಕಿದೆ.